ಇಲಿಯಲ್ಲದ ಇಲಿ: ನಮ್ಮ ಮನೆಯ ಸೊಂಡಿಲಿ



ತುಮಕೂರಿನ ಮಂಡಿಪೇಟೆಯಲ್ಲಿ ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ, ಗುಬ್ಬಿಯ ತೋಟದ ಮನೆಗಳ ಹಿತ್ತಲಿನಲ್ಲಿ, ಕುಣಿಗಲ್ ಕೆರೆಯ ಕೆಳಗಿನ ಊರುಗಳ ಬಚ್ಚಲುಮೋರಿಯ ಬದಿಯಲ್ಲಿ, ಕತ್ತಲಾಗುತ್ತಿದ್ದಂತೆ ಒಂದು ಸಣ್ಣ ಪ್ರಾಣಿ ಗೋಡೆಯ ಬುಡಕ್ಕೆ ಅಂಟಿಕೊಂಡು ಓಡಾಡತೊಡಗುತ್ತದೆ. ಉದ್ದನೆಯ ಚೂಪು ಮೂತಿ, ಕಂಡೂ ಕಾಣದಂಥ ಕಣ್ಣು, ಬೂದು ಮೈ, ಚಿಕ್ ಚಿಕ್ ಎಂಬ ಕೀಚಲು ದನಿ, ಹೋದ ದಾರಿಯಲ್ಲೆಲ್ಲ ಒಂದು ಬಗೆಯ ಘಾಟು ವಾಸನೆ. ಇದನ್ನು ಕಂಡ ಕೂಡಲೆ ನಮ್ಮ ಬಾಯಲ್ಲಿ ಬರುವ ಮಾತು "ಇಲಿ ಬಂತು" ಎಂದು. ಮರುದಿನ ಇಲಿಪಾಷಾಣವೋ, ಬೋನೋ, ಅಂಟಿನ ಹಲಗೆಯೋ ಮನೆಗೆ ಬರುತ್ತದೆ.

ಆದರೆ ಇದು ಇಲಿಯಲ್ಲ. ಇಲಿಯ ಹತ್ತಿರದ ನೆಂಟನೂ ಅಲ್ಲ. ಇಲಿ ನಮ್ಮ ಧಾನ್ಯ ತಿನ್ನುತ್ತದೆ. ಇದು ಮುಖ್ಯವಾಗಿ ತಿನ್ನುವುದು ನಾವು ಬೇಡವೆನ್ನುವ ಜಿರಳೆ, ಹುಳುಹುಪ್ಪಟೆಗಳನ್ನು. ಇಬ್ಬರನ್ನೂ ಒಂದೇ ಎಂದು ಎಣಿಸಿ ಒಂದೇ ಶಿಕ್ಷೆ ಕೊಡುವುದು ಸರಿಯೇ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮೊದಲು ಆ ಪ್ರಾಣಿಯನ್ನು ತಿಳಿದುಕೊಳ್ಳಬೇಕು. ಕಿರುತೆರೆಯ ಮಾತುಕತೆಯಲ್ಲಿ ಬಿಡಿಸಿ ಹೇಳಲು ಸಮಯ ಸಾಲದ ಕೆಲವು ವಿವರಗಳನ್ನು ಇಲ್ಲಿ ನೋಡೋಣ.

ಹೆಸರಿನ ಗೊಂದಲ

ಆನೆಯ ಸೊಂಡಿಲನ್ನು ನೆನಪಿಸುವ ಮೂತಿ ಇರುವುದರಿಂದ ಕನ್ನಡದಲ್ಲಿ ಇದಕ್ಕೆ ಸೊಂಡಿಲಿ ಎಂದು ಹೆಸರು. ಸುಂಡಿಲಿ, ಮೂಗಿಲಿ ಎಂದೂ ಕರೆಯುವುದುಂಟು. ಕೆಲವು ಕಡೆ ಸುಂಡಿಲಿ ಎಂಬ ಮಾತನ್ನು ಮನೆಯ ಚಿಕ್ಕ ಇಲಿಗೂ ಬಳಸುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ರಾಬರ್ಟ್ ಸ್ಟರ್ನ್‌ಡೇಲ್ ೧೮೮೪ರಲ್ಲಿ ಪ್ರಕಟಿಸಿದ ಭಾರತ ಮತ್ತು ಸಿಂಹಳದ ಸ್ತನಿಗಳನ್ನು ಕುರಿತ ಗ್ರಂಥದಲ್ಲಿ "ಸೊಂಡೇಲಿ" ಎಂಬ ಕನ್ನಡದ ಹೆಸರು ದಾಖಲಾಗಿದೆ. ಹಿಂದಿಯಲ್ಲಿ ಇದು ಛಛೂಂದರ್.

ಇಂಗ್ಲಿಷಿನಲ್ಲಿ ಇದರ ಸರಿಯಾದ ಹೆಸರು ಹೌಸ್ ಶ್ರೂ ಅಥವಾ ಮಸ್ಕ್ ಶ್ರೂ. ಆದರೆ ಬ್ರಿಟಿಷರ ಕಾಲದಲ್ಲಿ ಇದನ್ನು ಮಸ್ಕ್‌ರ‍್ಯಾಟ್ ಎಂದು ಕರೆಯುವ ರೂಢಿ ಬೆಳೆಯಿತು. ರಡ್ಯಾರ್ಡ್ ಕಿಪ್ಲಿಂಗ್ ೧೮೯೪ರ ತನ್ನ ಮುಂಗುಸಿಯ ಕಥೆಯಲ್ಲಿ ತರುವ "ಚುಚುಂದ್ರ" ಎಂಬ ಅಂಜುಬುರುಕ ಪಾತ್ರವನ್ನೂ ಮಸ್ಕ್‌ರ‍್ಯಾಟ್ ಎಂದೇ ಕರೆದಿದ್ದಾನೆ. ನಿಜವಾದ ಮಸ್ಕ್‌ರ‍್ಯಾಟ್ ಉತ್ತರ ಅಮೆರಿಕದ ನೀರಿನ ಬಳಿ ಬಾಳುವ ಒಂದು ದಂಶಕ ಪ್ರಾಣಿ. ನಮ್ಮ ಸೊಂಡಿಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ವಿಜ್ಞಾನದಲ್ಲಿ ಇದರ ಹೆಸರು ಸಂಕಸ್ ಮ್ಯೂರಿನಸ್. ೧೭೬೬ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಇದನ್ನು ಮೊದಲು ವಿವರಿಸಿದ. "ಮ್ಯೂರಿನಸ್" ಎಂದರೆ ಇಲಿಯಂಥದು ಎಂದರ್ಥ. ಇಲಿ ಎಂದಲ್ಲ, ಇಲಿಯಂಥದು ಎಂದು. ಆ ಒಂದು ಪದದಲ್ಲೇ ವ್ಯತ್ಯಾಸ ಅಡಗಿದೆ.

ಗುರುತಿಸುವುದು ಹೇಗೆ?

ದೂರದಿಂದ ನೋಡಿಯೇ ಸೊಂಡಿಲಿಯನ್ನು ಇಲಿಯಿಂದ ಬೇರ್ಪಡಿಸಬಹುದು. ಇಲಿಯ ಮೂತಿ ಮೊಂಡು. ಸೊಂಡಿಲಿಯದು ಕೆಳದವಡೆಯನ್ನು ದಾಟಿ ಮುಂದಕ್ಕೆ ಚಾಚಿಕೊಂಡು ಸದಾ ಅಲುಗಾಡುತ್ತಿರುತ್ತದೆ. ಇಲಿಯ ಕಣ್ಣು ಮಣಿಯಂತೆ ಉಬ್ಬಿ ಹೊಳೆಯುತ್ತದೆ. ಸೊಂಡಿಲಿಯ ಕಣ್ಣು ಸಾಸಿವೆ ಕಾಳಿನಷ್ಟು. ಇಲಿಯ ಬಾಲ ತೆಳ್ಳಗೆ, ಉದ್ದ. ಸೊಂಡಿಲಿಯ ಬಾಲ ಬುಡದಲ್ಲಿ ದಪ್ಪನಾಗಿ, ಮೈಗಿಂತ ಗಿಡ್ಡವಾಗಿ, ಅಲ್ಲೊಂದು ಇಲ್ಲೊಂದು ಉದ್ದನೆಯ ಕೂದಲಿನಿಂದ ಕೂಡಿರುತ್ತದೆ. ಇಲಿ ಜಿಗಿಯುತ್ತದೆ, ಹಗ್ಗ ಹತ್ತುತ್ತದೆ, ಅಟ್ಟ ಸೇರುತ್ತದೆ. ಸೊಂಡಿಲಿ ನೆಲದ ಪ್ರಾಣಿ. ಹತ್ತುವುದರಲ್ಲಿ ಅದು ಜಾಣನಲ್ಲ.

ಎಲ್ಲಕ್ಕಿಂತ ಖಚಿತವಾದ ಗುರುತು ಹಲ್ಲು. ಇಲಿಗೆ ಇರುವುದು ೧೬ ಹಲ್ಲು. ಮುಂದಿನ ಬಾಚಿಹಲ್ಲುಗಳು ಉಳಿಯಂತೆ ಚಪ್ಪಟೆಯಾಗಿದ್ದು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಅದನ್ನು ಸವೆಸಲೆಂದೇ ಇಲಿ ಮರ, ತಂತಿ, ಸಾಬೂನು ಎನ್ನದೆ ಏನನ್ನಾದರೂ ಕಡಿಯುತ್ತಿರುತ್ತದೆ. ಕೋರೆಹಲ್ಲು ಅದಕ್ಕಿಲ್ಲ. ಸೊಂಡಿಲಿಗೆ ೩೦ ಹಲ್ಲು, ಎಲ್ಲವೂ ಸೂಜಿಯಂತೆ ಮೊನಚು. ಮುಂದಿನ ಜೋಡಿ ಕೊಕ್ಕೆಯಂತೆ ಬಾಗಿ, ಹುಳುವನ್ನು ಇಕ್ಕಳದಂತೆ ಹಿಡಿಯುತ್ತದೆ. ಈ ಹಲ್ಲು ಬೆಳೆಯುತ್ತಲೇ ಹೋಗುವುದಿಲ್ಲ. ಆದ್ದರಿಂದ ಬಟ್ಟೆ, ಪುಸ್ತಕ, ಗೋಣಿಚೀಲ ಕತ್ತರಿಸಿದ ಅಪರಾಧ ಸಾಮಾನ್ಯವಾಗಿ ಸೊಂಡಿಲಿಯದಲ್ಲ.

ವಯಸ್ಕ ಸೊಂಡಿಲಿಯ ಮೈ ಸುಮಾರು ೧೦ರಿಂದ ೧೫ ಸೆಂಟಿಮೀಟರ್ ಉದ್ದ. ತೂಕ ಊರಿಂದೂರಿಗೆ ಬಹಳ ಬದಲಾಗುತ್ತದೆ. ಗಂಡು ೧೦೦ ಗ್ರಾಂ ದಾಟುವುದೂ ಉಂಟು, ಹೆಣ್ಣು ಅದಕ್ಕಿಂತ ಚಿಕ್ಕದು.

ಯಾರ ನೆಂಟ?

ನಿಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ಸೊಂಡಿಲಿಯನ್ನು "ಕೀಟಾಹಾರಿಗಳು" ಎಂಬ ಗಣದಲ್ಲಿ ಸೇರಿಸಿರುವುದನ್ನು ನೋಡಿರಬಹುದು. ಹುಳು ತಿನ್ನುವ ಸಣ್ಣ ಸ್ತನಿಗಳನ್ನೆಲ್ಲ ಅದರಲ್ಲಿ ತುಂಬಿದ್ದರು. ಆಮೇಲೆ ಡಿ.ಎನ್.ಎ. ಹೋಲಿಕೆ ನಡೆದಾಗ ಆ ಗುಂಪಿನ ಕೆಲವು ಪ್ರಾಣಿಗಳು ಬೇರೆಯೇ ಮೂಲದವು ಎಂದು ತಿಳಿದು ಗಣವನ್ನೇ ಒಡೆಯಬೇಕಾಯಿತು. ಇಂದು ಸೊಂಡಿಲಿ, ಮೈಮೇಲೆ ಮುಳ್ಳಿದ್ದು ಚೆಂಡಿನಂತೆ ಸುತ್ತಿಕೊಳ್ಳುವ ಹೆಜ್‌ಹಾಗ್, ಮಣ್ಣಿನೊಳಗೆ ಬಾಳುವ ಮೋಲ್ ಇವು ಯೂಲಿಪೋಟಿಫ್ಲ ಎಂಬ ಗಣದಲ್ಲಿವೆ. ಸೊಂಡಿಲಿಗಳ ಕುಟುಂಬಕ್ಕೆ ಸೊರಿಸಿಡೇ ಎಂದು ಹೆಸರು.

ಇಲ್ಲೊಂದು ಬೆರಗಿನ ಸಂಗತಿ ಇದೆ. ಸ್ತನಿಗಳ ವಂಶವೃಕ್ಷದಲ್ಲಿ ಸೊಂಡಿಲಿ ಇರುವ ಕೊಂಬೆಯಲ್ಲಿ ಬಾವಲಿ, ಹಸು, ಕುದುರೆ, ನಾಯಿ, ಬೆಕ್ಕುಗಳಿವೆ. ಇಲಿ ಇರುವುದು ಬೇರೆ ಕೊಂಬೆಯಲ್ಲಿ. ಆ ಕೊಂಬೆಯಲ್ಲಿ ಮೊಲ, ಮಂಗ ಮತ್ತು ಮನುಷ್ಯರಿದ್ದಾರೆ. ಎಂದರೆ ಇಲಿ ಸೊಂಡಿಲಿಗಿಂತ ನಮಗೇ ಹತ್ತಿರದ ನೆಂಟ! ಸೊಂಡಿಲಿಯನ್ನು ಇಲಿ ಎನ್ನುವುದಕ್ಕಿಂತ ಬೆಕ್ಕಿನ ದೂರದ ದಾಯಾದಿ ಎನ್ನುವುದು ಸತ್ಯಕ್ಕೆ ಹತ್ತಿರ.

ಹಸಿವೆಯ ಬದುಕು

ಸೊಂಡಿಲಿ ಯಾಕೆ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ? ಇದಕ್ಕೆ ಉತ್ತರ ಗಣಿತದಲ್ಲಿದೆ. ಒಂದು ಸೆಂಟಿಮೀಟರ್ ಬದಿಯ ಘನವೊಂದನ್ನು ಊಹಿಸಿಕೊಳ್ಳಿ. ಅದರ ಹೊರಮೈ ೬ ಚದರ ಸೆಂಟಿಮೀಟರ್, ಗಾತ್ರ ೧ ಘನ ಸೆಂಟಿಮೀಟರ್. ಈಗ ೧೦ ಸೆಂಟಿಮೀಟರ್ ಬದಿಯ ಘನ ತೆಗೆದುಕೊಳ್ಳಿ. ಹೊರಮೈ ೬೦೦, ಗಾತ್ರ ೧,೦೦೦. ಮೊದಲನೆಯದರಲ್ಲಿ ಪ್ರತಿ ಘನ ಸೆಂಟಿಮೀಟರಿಗೆ ೬ ಚದರ ಸೆಂಟಿಮೀಟರ್ ಹೊರಮೈ. ಎರಡನೆಯದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ದೇಹದ ಶಾಖ ಹೊರಗೆ ಹೋಗುವುದು ಹೊರಮೈಯಿಂದ. ಆದ್ದರಿಂದ ಪ್ರಾಣಿ ಚಿಕ್ಕದಾದಷ್ಟೂ ಶಾಖದ ಸೋರಿಕೆ ಹೆಚ್ಚು. ಸೋರಿದ್ದನ್ನು ತುಂಬಲು ಅದು ಮತ್ತೆ ಮತ್ತೆ ತಿನ್ನಬೇಕು. ಬಿಸಿ ಬಿಸಿ ಕಾಫಿಯನ್ನು ತಟ್ಟೆಗೆ ಬಗ್ಗಿಸಿದರೆ ಬೇಗ ಆರುವುದಿಲ್ಲವೇ, ಹಾಗೆ.

ಸೊಂಡಿಲಿಗಳ ಬಳಗದಲ್ಲಿ ಸುಮಾರು ೨ ಗ್ರಾಂ ತೂಗುವ ಒಂದು ಪುಟಾಣಿ ಪ್ರಭೇದ ನಮ್ಮ ದೇಶದಲ್ಲೂ ಇದೆ. ಅದರ ಹೆಸರು ಸಂಕಸ್ ಎಟ್ರಸ್ಕಸ್. ತೂಕದ ಲೆಕ್ಕದಲ್ಲಿ ಜಗತ್ತಿನ ಅತಿ ಚಿಕ್ಕ ಸ್ತನಿ. ಅದರ ಹೃದಯ ನಿಮಿಷಕ್ಕೆ ೧,೫೦೦ ಸಲದವರೆಗೂ ಬಡಿಯಬಲ್ಲದು. ನಮ್ಮದು ಸುಮಾರು ೭೨. ಮನೆಯ ಸೊಂಡಿಲಿ ಅಷ್ಟು ಚಿಕ್ಕದಲ್ಲ. ಆದರೂ ಅದರ ಜೇಬಿನಲ್ಲಿ ಉಳಿತಾಯವೆಂಬುದು ಕಡಿಮೆ. ಒಂದು ದಿನದ ಉಪವಾಸಕ್ಕೇ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವುದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ರಾತ್ರಿ ಬೋನಿಗೆ ಬಿದ್ದ ಸೊಂಡಿಲಿ ಬೆಳಗಾಗುವಷ್ಟರಲ್ಲಿ ಸೊರಗಿ ಹೋಗುವುದಕ್ಕೆ ಕಾರಣ ಹೆದರಿಕೆಯೊಂದೇ ಅಲ್ಲ, ಹಸಿವೆಯೂ ಹೌದು.

ತಿನ್ನುವುದಾದರೂ ಏನು? ಜಿರಳೆ, ಮಿಡತೆ, ಗೆದ್ದಲು, ಎರೆಹುಳು, ಜರಿ, ಹುಳುಗಳ ಮರಿ ಮುಖ್ಯ ಆಹಾರ. ಅವಕಾಶ ಸಿಕ್ಕರೆ ಕಪ್ಪೆ, ಹಲ್ಲಿ, ಇಲಿಮರಿಗಳನ್ನೂ ಬಿಡುವುದಿಲ್ಲ. ಅಡುಗೆಮನೆಯಲ್ಲಿ ಬಿದ್ದ ಮಾಂಸದ ಚೂರು, ಕರಿದ ತಿಂಡಿ, ಕಾಯಿತುರಿಗೂ ಬಾಯಿ ಹಾಕುತ್ತದೆ. ಆದರೆ ಮೂಟೆಯ ರಾಗಿ, ಭತ್ತ ಅದರ ಊಟವಲ್ಲ. ಬೇಟೆಗೆ ಕಣ್ಣಿಗಿಂತ ಮೂಗು, ಕಿವಿ, ಮೂತಿಯ ಮೀಸೆಗಳೇ ಅದಕ್ಕೆ ಆಧಾರ. ಗೋಡೆಗೆ ಮೈ ತಾಗಿಸಿಕೊಂಡೇ ಓಡುವುದು ಅದರ ಅಭ್ಯಾಸ.

ಆ ವಾಸನೆ

ಸೊಂಡಿಲಿಯ ಎರಡೂ ಪಕ್ಕೆಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಅವುಗಳಿಂದ ಒಸರುವ ಜಿಡ್ಡು ಕಸ್ತೂರಿಯಂಥ ಘಾಟು ಬೀರುತ್ತದೆ. ನಮಗೆ ಅಸಹ್ಯವಾದ ಈ ವಾಸನೆ ಅದಕ್ಕೆ ಗುರುತಿನ ಚೀಟಿ ಇದ್ದಂತೆ: ಇದು ನನ್ನ ಜಾಗ, ಇಲ್ಲಿ ನಾನಿದ್ದೇನೆ ಎಂದು ಇತರ ಸೊಂಡಿಲಿಗಳಿಗೆ ತಿಳಿಸುವ ಸಾಧನ. ಜೊತೆಗೆ ರಕ್ಷಣೆಯೂ ಹೌದು. ಬೆಕ್ಕು ಸೊಂಡಿಲಿಯನ್ನು ಹಿಡಿದು ಕೊಂದರೂ ಅನೇಕ ಸಲ ತಿನ್ನದೆ ಬಿಟ್ಟು ಹೋಗುವುದನ್ನು ನೀವು ನೋಡಿರಬಹುದು. ಗೂಬೆ ಮತ್ತು ಹಾವುಗಳಿಗೆ ಮಾತ್ರ ಈ ವಾಸನೆ ಅಷ್ಟಾಗಿ ಅಡ್ಡಿಯಿಲ್ಲ.

ಈ ವಾಸನೆಯ ಬಗ್ಗೆ ಹಿಂದೆ ಒಂದು ಸ್ವಾರಸ್ಯದ ನಂಬಿಕೆ ಇತ್ತು. ಮುಚ್ಚಳ ಬಿಗಿದ ಬಾಟಲಿಯ ಮೇಲೆ ಸೊಂಡಿಲಿ ಓಡಾಡಿದರೆ ಸಾಕು, ಒಳಗಿನ ಪಾನೀಯ ಕೆಡುತ್ತದೆ ಎಂದು ಭಾರತದಲ್ಲಿದ್ದ ಆಂಗ್ಲರು ನಂಬಿದ್ದರು. ೧೮೬೭ರಲ್ಲಿ ಭಾರತದ ಸ್ತನಿಗಳ ಬಗ್ಗೆ ಗ್ರಂಥ ಪ್ರಕಟಿಸಿದ ವೈದ್ಯ ಜೆರ್ಡನ್ ಇದನ್ನು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲೇ ತುಂಬಿ ಬಂದ ಬಾಟಲಿಗಳಲ್ಲಿ ಈ ದೋಷ ಕಾಣುತ್ತಿರಲಿಲ್ಲ. ವಾಸನೆ ಗಾಜನ್ನು ದಾಟಿ ಹೋಗುವುದಾದರೆ ಆ ಬಾಟಲಿಗಳೂ ಕೆಡಬೇಕಿತ್ತಲ್ಲವೇ? ತುಂಬುವ ಮೊದಲೇ ಬಿರಡೆಗೋ ಬಾಟಲಿಗೋ ವಾಸನೆ ಹತ್ತಿರಬೇಕು ಎಂಬುದೇ ಇದಕ್ಕೆ ಸಲ್ಲುವ ವಿವರಣೆ. ಉಪಕರಣವಿಲ್ಲದೆ, ಬರಿಯ ಹೋಲಿಕೆಯಿಂದ ಒಂದು ನಂಬಿಕೆಯನ್ನು ಪರೀಕ್ಷಿಸಿದ ರೀತಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಜೀವನಚಕ್ರ

ಸೊಂಡಿಲಿಯ ಬದುಕನ್ನು ವರ್ಷಗಳಲ್ಲಲ್ಲ, ದಿನಗಳಲ್ಲಿ ಎಣಿಸಬೇಕು.

ಗಂಡು ಹೆಣ್ಣು ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಓಡಾಡುತ್ತವೆ. ಎದುರಾದರೆ ಮೊದಲು ಕಿರುಚಾಟ, ಜಗಳ. ಹೆಣ್ಣು ಗಂಡನ್ನು ಅಟ್ಟಿಸಿಕೊಂಡು ಹೋಗುವುದೇ ಹೆಚ್ಚು. ಕೊನೆಗೆ ಒಪ್ಪಿದರೆ ಕೂಡುತ್ತವೆ. ಇಲಿಯಲ್ಲಿ ನಾಲ್ಕೈದು ದಿನಗಳಿಗೊಮ್ಮೆ ತಾನಾಗಿಯೇ ಅಂಡ ಬಿಡುಗಡೆಯಾಗುವ ಚಕ್ರವಿದೆ. ಸೊಂಡಿಲಿಯಲ್ಲಿ ಅಂಥ ನಿಗದಿತ ಚಕ್ರವಿಲ್ಲ. ಕೂಡಿದ ಪ್ರಚೋದನೆಯಿಂದಲೇ, ಸುಮಾರು ಹದಿನೈದು ಗಂಟೆಗಳ ಬಳಿಕ, ಅಂಡೋತ್ಸರ್ಗವಾಗುತ್ತದೆ. ಬೆಕ್ಕು, ಮೊಲಗಳಲ್ಲೂ ಹೀಗೆಯೇ. ಒಂಟಿಯಾಗಿ ಬಾಳುವ, ಸಂಗಾತಿ ಯಾವಾಗ ಸಿಕ್ಕೀತೆಂದು ಹೇಳಲಾಗದ ಪ್ರಾಣಿಗೆ ಇದು ಅನುಕೂಲದ ಏರ್ಪಾಡು.

ಹಸಿವೆ ಇಲ್ಲಿಯೂ ಬಂದು ಅಡ್ಡ ನಿಲ್ಲುತ್ತದೆ. ಎರಡು ದಿನ ಆಹಾರ ಕಡಿಮೆ ಮಾಡಿದರೆ ಹೆಣ್ಣು ಸೊಂಡಿಲಿ ಕೂಡಲು ಹಿಂಜರಿಯುತ್ತದೆ. ಮತ್ತೆ ಆಹಾರ ಕೊಟ್ಟು ಒಂದೂವರೆ ಗಂಟೆಯಾಗುತ್ತಿದ್ದಂತೆ ಮೊದಲಿನ ಒಲವು ಮರಳುತ್ತದೆ ಎಂದು ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಹೊಟ್ಟೆಗಿಲ್ಲದ ಕಾಲದಲ್ಲಿ ಮರಿ ಬೇಡ ಎಂಬ ತೀರ್ಮಾನವನ್ನು ದೇಹವೇ ಕೈಗೊಳ್ಳುತ್ತದೆ. ಮಳೆ ಬಂದು ಹುಳುಹುಪ್ಪಟೆ ಹೆಚ್ಚಿದಾಗ ಮರಿಗಳೂ ಹೆಚ್ಚು. ಮನೆಯ ಆಸರೆಯಲ್ಲಿ ಆಹಾರ ಸಿಗುತ್ತಿದ್ದರೆ ವರ್ಷದ ಯಾವ ಕಾಲದಲ್ಲಾದರೂ ಮರಿ ಹಾಕಬಲ್ಲದು.

ಗರ್ಭಾವಧಿ ಸುಮಾರು ೩೦ ದಿನ. ಒಣ ಎಲೆ, ಹುಲ್ಲು, ಕಾಗದ, ಚಿಂದಿಗಳನ್ನು ಕೂಡಿಹಾಕಿ ಮರೆಯಾದ ಜಾಗದಲ್ಲಿ ಗೂಡು ಕಟ್ಟುತ್ತದೆ. ಸೌದೆ ಒಟ್ಟು, ಕಲ್ಲಿನ ಸಂದಿ, ತೆಂಗಿನ ಸಿಪ್ಪೆಯ ರಾಶಿ ಇದಕ್ಕೆ ಒಳ್ಳೆಯ ತಾಣ. ಒಂದು ಸೂಲಿಗೆ ೧ರಿಂದ ೮ ಮರಿಗಳವರೆಗೆ. ಸಾಮಾನ್ಯವಾಗಿ ೨ರಿಂದ ೪. ತಾಯಿಗೆ ಮೂರು ಜೊತೆ ಮೊಲೆಗಳು. ಹುಟ್ಟಿದ ಮರಿಗೆ ಕೂದಲಿಲ್ಲ, ಕಣ್ಣು ತೆರೆದಿಲ್ಲ. ತೂಕ ಎರಡು ಮೂರು ಗ್ರಾಂ.

ಐದಾರು ದಿನಗಳಾಗುತ್ತಿದ್ದಂತೆ ಸೊಂಡಿಲಿಯ ಬಾಳಿನ ಅತಿ ಸೊಗಸಾದ ನೋಟ ಕಾಣಸಿಗುತ್ತದೆ. ಗೂಡಿಗೆ ತೊಂದರೆಯಾದರೆ ತಾಯಿ ಮರಿಗಳನ್ನು ಬೇರೆಡೆಗೆ ಕರೆದೊಯ್ಯಬೇಕು. ಒಂದು ಮರಿ ತಾಯಿಯ ಬಾಲದ ಬುಡದ ಕೂದಲನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತದೆ. ಅದರ ಹಿಂಭಾಗವನ್ನು ಎರಡನೆಯದು, ಎರಡನೆಯದರ ಹಿಂಭಾಗವನ್ನು ಮೂರನೆಯದು. ಹೀಗೆ ಮಕ್ಕಳ ರೈಲಾಟದಂತೆ ಸರಪಳಿ ಕಟ್ಟಿಕೊಂಡು, ತಾಯಿ ಹೋದತ್ತ ಎಲ್ಲವೂ ಒಂದೇ ಹೆಜ್ಜೆಯಲ್ಲಿ ಓಡುತ್ತವೆ. ದೂರದಿಂದ ನೋಡಿದವರಿಗೆ ಒಂದು ಹಾವು ಹರಿದಂತೆ ಕಾಣುವುದೂ ಉಂಟು. ಕಣ್ಣು ಸರಿಯಾಗಿ ತೆರೆಯದ ಮರಿಗಳನ್ನು ಕತ್ತಲಲ್ಲಿ ಕಳೆದುಕೊಳ್ಳದೆ ಸಾಗಿಸುವ ಉಪಾಯವಿದು. ಮರಿಗಳಿಗೆ ಮೂರು ವಾರ ತುಂಬುವವರೆಗೂ ಈ ನಡವಳಿಕೆ ಇರುತ್ತದೆ.

ಎರಡನೆಯ ವಾರದ ಹೊತ್ತಿಗೆ ಕಣ್ಣು ತೆರೆಯುತ್ತದೆ, ಮೈತುಂಬ ಕೂದಲು ಬರುತ್ತದೆ. ೧೭ರಿಂದ ೨೦ ದಿನಗಳಲ್ಲಿ ಹಾಲು ಬಿಡುತ್ತವೆ. ಹೆಣ್ಣು ಐದಾರು ವಾರಗಳಲ್ಲೇ ಪ್ರಾಯಕ್ಕೆ ಬರಬಲ್ಲದು. ಒಟ್ಟು ಆಯಸ್ಸು ಒಂದೂವರೆಯಿಂದ ಎರಡೂವರೆ ವರ್ಷ. ನೀವು ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು.ಸಿ. ಮುಗಿಸುವಷ್ಟರಲ್ಲಿ ಹಿತ್ತಲಿನ ಸೊಂಡಿಲಿಗಳ ಒಂದು ತಲೆಮಾರು ಪೂರ್ತಿ ಬದಲಾಗಿರುತ್ತದೆ.

ನಮ್ಮ ಸೀಮೆಯಲ್ಲಿ

ತುಮಕೂರು ಸೀಮೆಯ ಬದುಕಿಗೆ ಸೊಂಡಿಲಿ ಹೇಗೆ ಹೊಂದಿಕೊಂಡಿದೆ ನೋಡಿ. ನಗರದಲ್ಲಿ ಅದಕ್ಕೆ ಮೋರಿ, ಗೋದಾಮು, ಹಳೆಯ ಮನೆಗಳ ಕಲ್ಲುಸಂದಿ ಆಸರೆ, ಜಿರಳೆ ಆಹಾರ. ಗುಬ್ಬಿಯ ಕಡೆ ತೆಂಗು ಅಡಕೆ ತೋಟಗಳ ತೇವದ ನೆಲ, ಸೋಗೆ ಸಿಪ್ಪೆಗಳ ರಾಶಿ, ತಿಪ್ಪೆ. ಅಲ್ಲಿ ಹುಳುವಿಗೆ ಬರವಿಲ್ಲ. ಕುಣಿಗಲ್ಲಿನ ಕೆರೆ ಅಚ್ಚುಕಟ್ಟಿನಲ್ಲಿ ಗದ್ದೆಯ ಬದು, ಹುಲ್ಲಿನ ಮೆದೆ. ಬಿರುಮಳೆಯಲ್ಲಿ ಬಿಲಗಳಿಗೆ ನೀರು ನುಗ್ಗಿದಾಗ ಅದು ಮನೆಯೊಳಗೆ ಕಾಣಿಸಿಕೊಳ್ಳುವುದು ಹೆಚ್ಚು.

ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ ಕೊರೆದಿದ್ದರೆ, ಮರದ ಮೇಲೆ ಎಳನೀರು ತೂತಾಗಿದ್ದರೆ, ಗದ್ದೆಯ ಬದು ತೋಡಿ ಭತ್ತದ ತೆನೆ ಸಾಗಿಸಿದ್ದರೆ ಅದು ಇಲಿ, ಹೆಗ್ಗಣ ಅಥವಾ ಅಳಿಲಿನ ಕೆಲಸ. ಮರ ಹತ್ತದ, ಭತ್ತ ತಿನ್ನದ ಸೊಂಡಿಲಿಯ ಮೇಲೆ ಆ ದೂರು ನಿಲ್ಲದು. ಆದರೂ ಇಲಿಗೆಂದು ಇಟ್ಟ ಔಷಧಕ್ಕೆ ಅದು ಬಲಿಯಾಗುತ್ತದೆ.

ವಿಜ್ಞಾನಕ್ಕೆ ಅದರ ಕೊಡುಗೆ

ಇಲಿಗೆ ವಾಂತಿ ಮಾಡಲು ಬಾರದು. ಈ ಸಂಗತಿ ನಿಮಗೆ ಹೊಸದಾಗಿರಬಹುದು. ವಾಂತಿ ತಡೆಯುವ ಔಷಧಿಯನ್ನು ಇಲಿಯ ಮೇಲೆ ಪರೀಕ್ಷಿಸುವುದು ಹೇಗೆ? ೧೯೮೦ರ ದಶಕದಲ್ಲಿ ಜಪಾನಿನ ಸಂಶೋಧಕರು ಸೊಂಡಿಲಿ ವಾಂತಿ ಮಾಡಬಲ್ಲದು ಎಂಬುದನ್ನು ತೋರಿಸಿದರು. ಅದನ್ನು ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ತೂಗಿದರೆ ಸಾಕು, ಬಸ್ಸಿನಲ್ಲಿ ನಮಗಾಗುವಂತೆ ಅದಕ್ಕೂ ಆಗುತ್ತದೆ. ಕ್ಯಾನ್ಸರ್ ಔಷಧಿಗಳಿಂದ ರೋಗಿಗಳಿಗೆ ಬರುವ ವಾಂತಿಯನ್ನು ಅರಿಯಲು, ಅದನ್ನು ತಡೆಯುವ ಔಷಧಿಗಳನ್ನು ಪರೀಕ್ಷಿಸಲು ಆ ಬಳಿಕ ಈ ಪುಟ್ಟ ಪ್ರಾಣಿ ನೆರವಾಗಿದೆ.

ನಮ್ಮ ರಾಜ್ಯದಲ್ಲೂ ಒಂದು ಮಹತ್ವದ ಅಧ್ಯಯನ ನಡೆಯಿತು. ೧೯೭೦ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ಸಂಶೋಧಕರು ದಕ್ಷಿಣ ಭಾರತದ ಸೊಂಡಿಲಿಗಳ ವರ್ಣತಂತುಗಳನ್ನು ಪರಿಶೀಲಿಸಿದರು. ಬೇರೆಡೆಯ ಸೊಂಡಿಲಿಗಳಲ್ಲಿ ಸಾಮಾನ್ಯವಾಗಿ ೪೦ ವರ್ಣತಂತುಗಳಿದ್ದರೆ ದಕ್ಷಿಣದವುಗಳಲ್ಲಿ ೩೦ರಿಂದ ೩೨ರಷ್ಟು ಕಂಡುಬಂದವು. ಕಡಿಮೆಯಾದವು ಎಲ್ಲಿ ಹೋದವು? ಎಲ್ಲಿಗೂ ಹೋಗಿಲ್ಲ. ಎರಡು ಸಣ್ಣ ವರ್ಣತಂತುಗಳು ಬುಡದಲ್ಲಿ ಬೆಸೆದುಕೊಂಡು ಒಂದಾದಾಗ ಸಂಖ್ಯೆ ಇಳಿಯುತ್ತದೆ, ಒಳಗಿನ ಸರಕು ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಎರಡು ಪುಸ್ತಕಗಳನ್ನು ಒಟ್ಟಿಗೆ ಹೊಲಿದು ಒಂದು ಸಂಪುಟ ಮಾಡಿದಂತೆ. ಒಂದೇ ಪ್ರಭೇದದೊಳಗೆ ಬದಲಾವಣೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ರೋಗದ ಮಾತು

ಸೊಂಡಿಲಿ ಉಪಕಾರಿ ಎಂದ ಮಾತ್ರಕ್ಕೆ ಕೈಯಲ್ಲಿ ಹಿಡಿದು ಆಡಬಹುದೆಂದಲ್ಲ. ಇಲಿಯ ಮೈಮೇಲಿನ ಚಿಗಟ ಇದರ ಮೈಮೇಲೂ ಇರಬಹುದು. ಪ್ಲೇಗಿನ ಬ್ಯಾಕ್ಟೀರಿಯಾ ವಿಯೆಟ್ನಾಂ ಮತ್ತು ಮಡಗಾಸ್ಕರ್‌ಗಳ ಸೊಂಡಿಲಿಗಳಲ್ಲಿ ಕಂಡುಬಂದಿದೆ. ಇಲಿಜ್ವರಕ್ಕೆ ಕಾರಣವಾದ ಲೆಪ್ಟೊಸ್ಪೈರಾ ಕೂಡ ಇದರಲ್ಲಿ ಇರಬಲ್ಲದು. ೧೯೬೪ರಲ್ಲಿ ತಮಿಳುನಾಡಿನ ವೆಲ್ಲೂರಿನ ತೊಟ್ಟಪಾಳ್ಯಂನಲ್ಲಿ ಹಿಡಿದ ಸೊಂಡಿಲಿಯಿಂದ ಒಂದು ವೈರಸ್ಸನ್ನು ಬೇರ್ಪಡಿಸಿದರು. ಹಂಟಾವೈರಸ್ ಎಂಬ ಗುಂಪಿನಲ್ಲಿ ಮೊತ್ತಮೊದಲು ಬೇರ್ಪಡಿಸಿದ ವೈರಸ್ಸು ಅದೇ ಎಂದು ಮುಂದೆ ತಿಳಿಯಿತು. ಅದಕ್ಕೆ ಆ ಬಡಾವಣೆಯ ಹೆಸರೇ ಉಳಿದಿದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸು ಸಹ ಸೊಂಡಿಲಿಯಲ್ಲಿ ಕಂಡಿದೆ. ಆದರೆ ಆ ರೋಗ ಮನುಷ್ಯನಿಗೆ ತಗಲುವುದು ಮುಖ್ಯವಾಗಿ ಉಣ್ಣೆಗಳ ಕಡಿತದಿಂದ.

ಇದರಿಂದ ಹೆದರಬೇಕಾಗಿಲ್ಲ, ಎಚ್ಚರ ಬೇಕು. ಬರಿಗೈಯಲ್ಲಿ ಮುಟ್ಟಬೇಡಿ. ಅಡುಗೆ ಮುಚ್ಚಿಡಿ. ಅದು ಓಡಾಡಿದ ಪಾತ್ರೆ, ಕಟ್ಟೆಗಳನ್ನು ತೊಳೆಯಿರಿ.

ವಿಷವಿಡುವ ಮುನ್ನ

ಪೇಟೆಯಲ್ಲಿ ಸಿಗುವ ಇಲಿವಿಷಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಒಂದು ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ. ಹೊಟ್ಟೆಯ ಆಮ್ಲ ತಾಗಿದಾಗ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಇನ್ನೊಂದು ಬ್ರೊಮಾಡಿಯೊಲೋನ್ ಬಿಲ್ಲೆಗಳು. ಇವು ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವದ ಕೆಲಸ ತಡೆಯುತ್ತವೆ. ಪ್ರಾಣಿ ಕೂಡಲೆ ಸಾಯದೆ ಒಳಗೇ ರಕ್ತ ಸೋರಿ ಕೆಲವು ದಿನಗಳಲ್ಲಿ ಸಾಯುತ್ತದೆ. ಈ ನಡುವೆ ಅದನ್ನು ಹಿಡಿದು ತಿಂದ ಗೂಬೆಗೂ ಬೆಕ್ಕಿಗೂ ವಿಷ ದಾಟುತ್ತದೆ. ವಿಷದ ತಿಂಡಿ ಮೆದ್ದ ಹುಳುಗಳ ಮೂಲಕ ಹುಳು ತಿನ್ನುವ ಪ್ರಾಣಿಗಳಿಗೂ ದಾಟಬಲ್ಲದು.

ಇಲಿಯನ್ನು ಹಿಡಿಯುವ ಕಣಜದ ಗೂಬೆ ಸತ್ತರೆ, ಜಿರಳೆ ತಿನ್ನುವ ಸೊಂಡಿಲಿ ಸತ್ತರೆ ಲಾಭ ಯಾರಿಗೆ? ಬೇಗ ಬೇಗ ಮರಿ ಹಾಕುವ ಇಲಿಗೆ ಮತ್ತು ಜಿರಳೆಗೆ. ಅಂಟಿನ ಹಲಗೆಯಂತೂ ಇನ್ನೂ ಕ್ರೂರ. ಸದಾ ತಿನ್ನಬೇಕಾದ ಪ್ರಾಣಿ ಅದರ ಮೇಲೆ ಗಂಟೆಗಟ್ಟಲೆ ನರಳಿ ಸಾಯುತ್ತದೆ.

ಒಂದು ಮಾತನ್ನು ಮರೆಮಾಚಬಾರದು. ಎಲ್ಲ ಕಡೆಯೂ ಸೊಂಡಿಲಿ ಉಪಕಾರಿಯಲ್ಲ. ಹಡಗುಗಳ ಸರಕಿನ ಜೊತೆ ಅದು ಪೂರ್ವ ಆಫ್ರಿಕ, ಮಡಗಾಸ್ಕರ್, ಮಾರಿಷಸ್‌ಗಳಿಗೆ ಹೋಗಿ ನೆಲೆಸಿತು. ೧೯೫೩ರಲ್ಲಿ ಶಾಂತ ಸಾಗರದ ಗುವಾಮ್ ದ್ವೀಪ ಸೇರಿತು. ಇಂಥ ಬೇಟೆಗಾರನನ್ನೇ ಕಾಣದ ದ್ವೀಪಗಳ ಹಲ್ಲಿ, ಹುಳುಗಳಿಗೆ ಅದು ಕುತ್ತು ತಂದಿತು. ನಮ್ಮ ನೆಲದಲ್ಲಿ ಹಾಗಲ್ಲ. ಇದು ಅದರ ತವರು. ಅದರ ಆಹಾರವೂ ಇಲ್ಲಿದೆ, ಅದನ್ನು ತಿನ್ನುವ ಗೂಬೆ, ಹಾವುಗಳೂ ಇಲ್ಲಿವೆ. ಒಂದೇ ಪ್ರಾಣಿ ತವರಿನಲ್ಲಿ ನೆರವು, ಪರಸ್ಥಳದಲ್ಲಿ ಪೀಡೆ.

ಕೆಲವು ಪ್ರಶ್ನೆಗಳು

ಸೊಂಡಿಲಿ ಕಚ್ಚಿದರೆ ವಿಷವೇ? ಅಮೆರಿಕದ ಗಿಡ್ಡಬಾಲದ ಸೊಂಡಿಲಿಯಂಥ ಕೆಲವು ಪ್ರಭೇದಗಳ ಜೊಲ್ಲಿನಲ್ಲಿ ವಿಷವಿದೆ. ನಮ್ಮ ಮನೆಯ ಸೊಂಡಿಲ ಆ ಪಟ್ಟಿಗೆ ಸೇರಿಲ್ಲ. ಆದರೂ ಯಾವ ಪ್ರಾಣಿ ಕಚ್ಚಿದರೂ ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಬೇಕು.

ಅದಕ್ಕೆ ಕಣ್ಣು ಕಾಣುವುದಿಲ್ಲವೇ? ಪೂರ್ತಿ ಕುರುಡಲ್ಲ. ಬೆಳಕು, ನೆರಳು ತಿಳಿಯುತ್ತದೆ, ದೃಷ್ಟಿ ಮಂದ.

ಅದನ್ನು ಹಿಡಿದ ಹಾವು ನುಂಗಲೂ ಆಗದೆ ಉಗುಳಲೂ ಆಗದೆ ಕುರುಡಾಗುತ್ತದೆಯಂತೆ, ನಿಜವೇ? ಉತ್ತರ ಭಾರತದಲ್ಲಿ ಇದು ಗಾದೆಯ ಮಾತು; ಇಕ್ಕಟ್ಟಿಗೆ ಸಿಕ್ಕವರ ಪಾಡಿಗೆ ಹೇಳುತ್ತಾರೆ. ಹಾವುಗಳು ಸೊಂಡಿಲಿಯನ್ನು ನುಂಗಿ ಜೀರ್ಣಿಸಿಕೊಳ್ಳುತ್ತವೆ.

ಮನೆಗೆ ಬಂದರೆ ಶಕುನವೇ? ಚೀನೀ ಮಾತನಾಡುವ ಕೆಲವು ಕಡೆ ಅದರ ದನಿ ನಾಣ್ಯ ಎಣಿಸಿದಂತೆ ಕೇಳುತ್ತದೆಂದು "ಹಣದ ಇಲಿ" ಎನ್ನುತ್ತಾರೆ. ನಿಜವಾದ ಸೂಚನೆ ಇಷ್ಟೇ: ಮನೆಯಲ್ಲಿ ಜಿರಳೆಗಳಿವೆ, ಮೋರಿಗೆ ಜಾಲರಿ ಇಲ್ಲ.

ನೀವೇ ಮಾಡಿ ನೋಡಿ

ರಾತ್ರಿ ಮಲಗುವ ಮುನ್ನ ಗೋಡೆಯ ಬುಡದಲ್ಲಿ ಒಂದು ಹಲಗೆಯ ಮೇಲೆ ರಾಗಿಹಿಟ್ಟನ್ನು ತೆಳ್ಳಗೆ ಉದುರಿಸಿಡಿ. ಬೆಳಗ್ಗೆ ಹೆಜ್ಜೆಗುರುತು ನೋಡಿ. ಮುಂಗಾಲಿನಲ್ಲಿ ಐದು ಬೆರಳು ಮೂಡಿದ್ದರೆ ಸೊಂಡಿಲಿ. ನಾಲ್ಕೇ ಮೂಡಿದ್ದರೆ ಇಲಿ. ಒಂದು ತಿಂಗಳು ದಿನಾಂಕ, ಮಳೆ ಬಂದಿತ್ತೇ ಇಲ್ಲವೇ, ಯಾವ ಗುರುತು ಕಂಡಿತು ಎಂದು ಬರೆದಿಡಿ. ನಗರದ ಗೆಳೆಯರು, ತೋಟದ ಮನೆಯ ಗೆಳೆಯರು ತಂತಮ್ಮ ಪಟ್ಟಿ ಹೋಲಿಸಿದರೆ ಒಂದು ಒಳ್ಳೆಯ ವಿಜ್ಞಾನ ಯೋಜನೆಯಾದೀತು.

ಹಳೆಯ ಗುಡಿ, ಗೋದಾಮುಗಳಲ್ಲಿ ಕಣಜದ ಗೂಬೆ ಕೂರುವ ಜಾಗದ ಕೆಳಗೆ ಅದು ಕಕ್ಕಿದ ಕೂದಲು, ಮೂಳೆಗಳ ಉಂಡೆಗಳು ಬಿದ್ದಿರುತ್ತವೆ. ಅಧ್ಯಾಪಕರ ಮಾರ್ಗದರ್ಶನದಲ್ಲಿ, ಕೈಚೀಲ ತೊಟ್ಟು, ನೀರಿನಲ್ಲಿ ನೆನೆಸಿ ಬಿಡಿಸಿದರೆ ತಲೆಬುರುಡೆಗಳು ಸಿಗುತ್ತವೆ. ಉಳಿಯಂಥ ಹಲ್ಲಿನವು ಎಷ್ಟು, ಸೂಜಿಯಂಥ ಹಲ್ಲಿನವು ಎಷ್ಟು ಎಂದು ಎಣಿಸಿ. ನಿಮ್ಮೂರಿನ ಗೂಬೆ ಏನು ತಿನ್ನುತ್ತಿದೆ ಎಂಬುದು ಗೊತ್ತಾಗುತ್ತದೆ.

ಮನೆಯೊಳಗೆ ಸೊಂಡಿಲಿ ಬೇಡವೆಂದರೆ ಅದಕ್ಕೂ ದಾರಿಯಿದೆ. ಮೋರಿಯ ಬಾಯಿಗೆ ಜಾಲರಿ ಹಾಕಿಸಿ, ಬಾಗಿಲ ಕೆಳಗಿನ ಸಂದಿ ಮುಚ್ಚಿಸಿ, ರಾತ್ರಿ ಎಂಜಲು ಉಳಿಸಬೇಡಿ. ಬೋನಿಗೆ ಬಿದ್ದದ್ದು ಚೂಪು ಮೂತಿಯದಾದರೆ ತಡಮಾಡದೆ, ಆ ರಾತ್ರಿಯೇ, ಹಿತ್ತಲಿನಲ್ಲಿ ಬಿಟ್ಟುಬಿಡಿ. ಅದರ ಪಾಲಿಗೆ ಒಂದು ರಾತ್ರಿಯ ಉಪವಾಸ ದೊಡ್ಡದು. ಗೂಡಿನಲ್ಲಿ ಮರಿಗಳಿದ್ದರೆ ಅವುಗಳ ಪಾಲಿಗೂ.